ನೀರು ಸಿಹಿಯಾದ ವಾರ

ನಮ್ಮೂರಿನಲ್ಲಿ ಯಾರ ಮನೆಗಾದರೂ ಹೋದಾಗ ಕುಡಿಯಲು ನೀರಿನ ಬದಲು ಮಜ್ಜಿಗೆ ಕೊಟ್ಟರೆ ಸುಮ್ಮನೆ ಕುಡಿದು, ಚಲೋ ಇದೆ ಎಂದು ಹೇಳಿ, ಬೇರೆ ಮಾತು ತೆಗೆಯಬೇಕು. ಅದು ಇಲ್ಲಿನ ಮರ್ಯಾದೆ. ಆ ಮನೆಯಲ್ಲಿ ಯಾರದೋ ಮನಸ್ಸು ಒಳಗೊಳಗೇ ಕೆಟ್ಟಿದೆ, ಅದಕ್ಕೇ ಬಿಂದಿಗೆಯ ನೀರು ಸವುಳಾಗಿದೆ ಎಂಬುದು ಕೊಟ್ಟವರಿಗೂ ಗೊತ್ತು, ಕುಡಿದವರಿಗೂ ಗೊತ್ತು. ನಲ್ಲಿಯಿಂದ ಹಿಡಿದು ತಂದರೂ ಅಷ್ಟೆ, ಟ್ಯಾಂಕರಿನಿಂದ ತುಂಬಿಸಿಕೊಂಡರೂ ಅಷ್ಟೆ. ಹೊಸ್ತಿಲು ದಾಟಿದ ನೀರು ಸ್ವಲ್ಪ ಹೊತ್ತು ನಿಂತಿತೆಂದರೆ ನಾಲಿಗೆಗೆ ಉಪ್ಪು ಹತ್ತುತ್ತದೆ. ಯಾರ ಉಪ್ಪು ಎಂದು ಮಾತ್ರ ನೀರು ಹೇಳುವುದಿಲ್ಲ. ಹೊರಗಿನವರು ಕೇಳುವುದೂ ಇಲ್ಲ, ಮನೆಯವರು ಹೇಳುವುದೂ ಇಲ್ಲ. ಹೆಣ್ಣು ನೋಡಲು ಬಂದವರು ಹೆಣ್ಣಿನ ಮುಖಕ್ಕಿಂತ ಮೊದಲು ತಂಬಿಗೆಯೊಳಗೆ ಇಣುಕುತ್ತಾರೆ. ಹೊಸದಾಗಿ ಬಾಡಿಗೆಗೆ ಬಂದವರ ಮನೆಗೆ ಓಣಿಯ ಹೆಂಗಸರು ಬಿಸಿಲಿಲ್ಲದಿದ್ದರೂ ಬಾಯಾರಿಕೊಂಡು ಹೋಗುತ್ತಾರೆ.

ನಮ್ಮದು ಖಾನಾವಳಿ. ಅಪ್ಪ ತೀರಿಕೊಂಡ ಮೇಲೆ ಅವ್ವ ಶುರು ಮಾಡಿದ್ದು, ಗಂಡನ ಮನೆಯಲ್ಲಿ ಬಾಳಲಾರದೆ ತಿರುಗಿ ಬಂದ ನಾನು ಮುಂದುವರಿಸಿದ್ದು. ಮನೆಯ ಪಡಸಾಲೆಯೇ ಗಿರಾಕಿಗಳು ಉಣ್ಣುವ ಜಾಗ. ನನ್ನ ತಮ್ಮ ಅಡಿವೆಪ್ಪ ಬಸ್ ಸ್ಟ್ಯಾಂಡಿನ ಹತ್ತಿರ ಟೇಲರ್ ಅಂಗಡಿ ಇಟ್ಟಿದ್ದ. ಅವನ ಹೆಂಡತಿ ನೀಲಗಂಗಾ ನನ್ನ ಜೊತೆ ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿ ಹೆಂಚಿನ ಮೇಲೆ ಪೂರಿಯಂತೆ ಉಬ್ಬುತ್ತಿತ್ತು, ನನ್ನ ರೊಟ್ಟಿ ನನ್ನ ಹಾಗೆ ಮುಖ ಗಂಟು ಹಾಕಿಕೊಂಡು ಕೂಡುತ್ತಿತ್ತು. ಇದು ನಾನು ಹೇಳುವ ಮಾತಲ್ಲ, ಗಿರಾಕಿಗಳು ಹೇಳುತ್ತಿದ್ದದ್ದು.

ಒಂದು ದಿನ ಬಸ್ ಕಂಡಕ್ಟರೊಬ್ಬ ಎರಡನೇ ತುತ್ತಿಗೇ ಕೈ ನಿಲ್ಲಿಸಿ, "ದಾನಕ್ಕಾ, ಇವತ್ತ ಸಾರಿಗೆ ಉಪ್ಪು ಎರಡ ಸಲ ಬಿದ್ದಂಗೈತಿ ನೋಡ್ರಿ" ಅಂದ. ಬಿದ್ದಿರಲಿಲ್ಲ. ನಾನು ಒಳಗೆ ಹೋಗಿ ಬಿಂದಿಗೆಯ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿದೆ. ನೀರೇ ಸವುಳಾಗಿತ್ತು. ಅಂದಿನಿಂದ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟೆ. ಸಾರೇನೋ ಸರಿಹೋಯಿತು, ಕುಡಿಯುವ ನೀರಿಗೆ ಏನು ಮಾಡುವುದು? ಎಲ್ಲರಿಗೂ ಮಜ್ಜಿಗೆ ಕೊಟ್ಟೆವು. ನಮ್ಮ ಗಿರಾಕಿಗಳು ಮರ್ಯಾದಸ್ಥರು. ಮಜ್ಜಿಗೆಯನ್ನು ಬಾಯಿ ತುಂಬ ಹೊಗಳಿ, ಕೈ ತೊಳೆದು, ಮರುದಿನದಿಂದ ಎದುರು ಓಣಿಯ ಖಾನಾವಳಿಗೆ ಹೋಗತೊಡಗಿದರು.

ಯಾರ ಉಪ್ಪು ಎಂದು ತಿಳಿಯಲು ಊರಿನಲ್ಲಿ ಒಂದೇ ದಾರಿ. ಹೊರಗಿಟ್ಟು ನೋಡುವುದು ಅನ್ನುತ್ತಾರೆ. ಮನೆಯವರನ್ನು ಒಬ್ಬೊಬ್ಬರನ್ನಾಗಿ ನೆಂಟರ ಮನೆಗೆ ಕಳಿಸಿ, ಇತ್ತ ನೀರಿನ ರುಚಿ ನೋಡುತ್ತಾರೆ. ಯಾರು ಹೋದಾಗ ನೀರು ಸಿಹಿಯಾಯಿತೋ ಅವರದೇ ಉಪ್ಪು. ಯಾರಿಂದ ಶುರು ಮಾಡಬೇಕು ಎಂಬುದನ್ನು ಯಾವ ಮನೆಯಲ್ಲೂ ಚರ್ಚೆ ಮಾಡುವುದಿಲ್ಲ.

"ಸೊಸಿಯಿಂದ ಶುರು ಮಾಡೂಣು. ಎಲ್ಲಾರ ಮನ್ಯಾಗೂ ಹಂಗ ಮಾಡ್ತಾರ" ಅಂದಳು ಅವ್ವ.

"ನಾ ಆರಾಮ ಅದೀನ್ರಿ ಅತ್ತಿ" ಅಂದಳು ನೀಲಗಂಗಾ. ಹಾಗೆ ಹೇಳಿದ್ದೇ ಅವಳ ಮೇಲಿನ ಅನುಮಾನವನ್ನು ಗಟ್ಟಿ ಮಾಡಿತು. ಆರಾಮ ಇದ್ದವರು ಆರಾಮ ಇದ್ದೇನೆಂದು ಯಾಕೆ ಹೇಳುತ್ತಾರೆ ಎಂದು ಅವ್ವನ ತರ್ಕ. ಅಡಿವೆಪ್ಪ ಅಲ್ಲೇ ಗೋಡೆಗೆ ಒರಗಿ ಕೂತಿದ್ದ. ಮಾತಿನ ಮಲ್ಲ ಅನ್ನಿಸಿಕೊಂಡಿದ್ದವನು ಆಗ ಕೆಲವು ತಿಂಗಳಿಂದ ಕೇಳಿದ್ದಕ್ಕಷ್ಟೇ ಹೂಂ ಅನ್ನುತ್ತಿದ್ದ. ಅಂಗಡಿಯಲ್ಲಿ ಹೊಲಿಯದ ಬಟ್ಟೆಯ ಗಂಟುಗಳು ಬೆಳೆದಿದ್ದವು. ಜನ ಬಂದು ಜಬರಿಸಿ ಹೋಗುತ್ತಿದ್ದರು. ತಟ್ಟೆಯಲ್ಲಿ ಅನ್ನ ಉಳಿಯುತ್ತಿತ್ತು. ಹೆಂಡತಿಯ ಜೊತೆ ಏನೋ ಮನಸ್ತಾಪ ಇರಬೇಕೆಂದು ನಾವು ಅದನ್ನೂ ಅವಳ ಲೆಕ್ಕಕ್ಕೇ ಬರೆದೆವು. ಅವಳು ಚೀಲ ಹಿಡಿದು ಹೊರಟಾಗ ಅವನ ಕಡೆ ನೋಡಿದಳು. ಅವನು ಎದ್ದು ಹಿತ್ತಲಿಗೆ ಹೋದ.

ಅವಳ ತವರು ಊರಿನ ಇನ್ನೊಂದು ತುದಿಯಲ್ಲೇ ಇತ್ತು. ಅವಳು ಹೋದ ಕೆಲವೇ ದಿನಕ್ಕೆ ನಮ್ಮ ಮನೆಯ ನೀರು ಸಿಹಿಯಾಯಿತು. ಅದೂ ಎಂಥ ಸಿಹಿ, ಎಳನೀರಿನ ಹಾಗೆ. ಅವಳ ತವರಿನಲ್ಲಿ ಬಿಂದಿಗೆ ಸವುಳಾಯಿತು ಎಂಬ ಸುದ್ದಿಯೂ ಬೆನ್ನಿಗೇ ಬಂತು. ಇನ್ನೇನು ಬೇಕು ಸಾಕ್ಷಿ? ಗಂಡನ ಮನೆಯಿಂದ ಊರೆಲ್ಲ ನೋಡುವ ಹಾಗೆ ಚೀಲ ಕೊಟ್ಟು ಕಳಿಸಿದರೆ ಯಾರ ಬಿಂದಿಗೆ ತಾನೇ ಸಿಹಿಯಾಗಿ ಉಳಿದೀತು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವ್ವ ಓಣಿಗೆಲ್ಲ ಬೆಲ್ಲ ಹಂಚಿದಳು. ಕಂಡಕ್ಟರು ಮರಳಿ ಬಂದು ಎರಡು ಲೋಟ ನೀರು ಕೇಳಿ ಕುಡಿದ.

ಆ ವಾರ ನಮ್ಮ ಮನೆಯಲ್ಲಿ ಹಬ್ಬವಿದ್ದಂತಿತ್ತು. ಎಲ್ಲರಿಗಿಂತ ಹೆಚ್ಚು ಬದಲಾದವನು ಅಡಿವೆಪ್ಪ. ಕ್ಷೌರ ಮಾಡಿಸಿಕೊಂಡು ಬಂದ. ಬಾಕಿ ಬಿದ್ದಿದ್ದ ಬಟ್ಟೆಗಳನ್ನೆಲ್ಲ ಕೂತು ಹೊಲಿದು, ಮನೆಮನೆಗೆ ತಾನೇ ಮುಟ್ಟಿಸಿ ಬಂದ. ಅವ್ವನನ್ನು ಕರೆದುಕೊಂಡು ಹೋಗಿ ಕಣ್ಣು ತೋರಿಸಿ ಹೊಸ ಚಾಳೀಸು ಕೊಡಿಸಿದ. ನನ್ನ ರೊಟ್ಟಿಯನ್ನು ಕೈಯಲ್ಲಿ ಹಿಡಿದು, "ಅಕ್ಕಾ, ಇದನ್ನ ಚಪ್ಪಲಿ ಅಂಗಡಿಯವಗ ತೋರಿಸ್ಲೇನು?" ಎಂದು ಹಳೆಯ ಹಾಗೆ ಕಾಡಿದ. ನಾನು ಸೌಟು ಎತ್ತಿಕೊಂಡು ಬೆನ್ನಟ್ಟಿದೆ. ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ನನ್ನ ತಮ್ಮ ನನಗೆ ವಾಪಸು ಸಿಕ್ಕ ಎಂದು ದೇವರಿಗೆ ಕೈ ಮುಗಿದೆ.

ಆದರೂ ನೀಲಗಂಗಾಳನ್ನು ಹೀಗೆ ಬಿಡಲು ನನಗೆ ಮನಸ್ಸಾಗಲಿಲ್ಲ. ಗಂಡನ ಮನೆಯಿಂದ ತಿರುಗಿ ಬಂದವಳ ಪಾಡು ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅವಳಿಗೆ ಔಷಧಿ ಕೊಡಿಸಿ, ಉಪ್ಪು ಇಳಿಸಿ, ಮನೆಗೆ ಕರೆತರಬೇಕೆಂದು ನಿಶ್ಚಯ ಮಾಡಿದೆ. ಅದಕ್ಕೆಂದೇ ಒಬ್ಬ ಡಾಕ್ಟರು ಇರುತ್ತಾರೆ ಎಂದು ಎಲ್ಲೋ ಕೇಳಿದ್ದೆ. ಅವರು ಏನು ಮಾಡುತ್ತಾರೆ ಎಂಬುದರಲ್ಲಿ ಮಾತ್ರ ತಲೆಗೊಂದು ಮಾತು. ಅವ್ವನ ಪ್ರಕಾರ ಕರೆಂಟು ಹಿಡಿಸುತ್ತಾರೆ. ಪಕ್ಕದ ಮನೆಯವಳ ಪ್ರಕಾರ ಒಂದು ಬಿಳಿ ಗುಳಿಗೆ ಕೊಡುತ್ತಾರೆ, ಬಿಂದಿಗೆಗೆ ಹಾಕಿದರೆ ನೀರು ತಿಳಿಯಾಗುತ್ತದೆ. ಕಂಡಕ್ಟರನ ಪ್ರಕಾರ ಅವರು ಕಣ್ಣಲ್ಲಿ ಕಣ್ಣಿಟ್ಟರೆ ಸಾಕು, ನೀನು ಚಿಕ್ಕಂದಿನಲ್ಲಿ ಕದ್ದ ಮಾವಿನಕಾಯಿಯ ತನಕ ಎಲ್ಲ ತಿಳಿದುಬಿಡುತ್ತದೆ.

ಔಷಧಿ ಅಂಗಡಿಯಲ್ಲಿ ಗಿರಾಕಿಗಳು ಕರಗುವ ತನಕ ನಿಂತು ಕೇಳಿದೆ. "ತಲಿದು ನೋಡೂ ಡಾಕ್ಟರು ಯಾರರ ಅದಾರೇನ್ರಿ?"

"ತಲಿನೋವಿಗಿ ಗುಳಿಗಿ ಕೊಡ್ಲೇನು?"

"ತಲಿನೋವಲ್ರಿ. ಮನಸ್ಸಿಂದು."

ಅವನು ತಕ್ಕಡಿ ಹಿಡಿದ ಅಂಗಡಿಯವನ ಹಾಗೆ ನನ್ನ ಮುಖ ತೂಗಿದ. ಯಾರಿಗೆ ಎಂದು ಕೇಳಲಿಲ್ಲ. "ದೊಡ್ಡಾಸ್ಪತ್ರಿ ಹಿಂದ, ಎಕ್ಸ್‌ರೇ ರೂಮು ದಾಟಿ ಹೋಗ್ರಿ. ಬೇಸ್ತವಾರ ಅಷ್ಟ ಇರ್ತಾರ. ಬೋರ್ಡು ಕಾಣೂದಿಲ್ಲ, ಅದರ ಮ್ಯಾಲ ಪೋಲಿಯೋ ಪೋಸ್ಟರ್ ಹಚ್ಯಾರ. ಅಲ್ಲಿ ಪಾಳಿಯೊಳಗ ಕೂತವರು ಕೈಗಿ, ಕಾಲಿಗಿ ಬ್ಯಾಂಡೇಜ್ ಸುತಗೊಂಡಿರ್ತಾರ. ನೀವೂ ಒಂದು ಸುತಗೊಂಡ ಹೋಗ್ರಿ, ಯಾರರ ನೋಡಿದ್ರ ಗಾಯ ಆಗೈತಿ ಅನ್ನಾಕ ಬರ್ತೈತಿ." ಅಷ್ಟು ಹೇಳಿ ಬ್ಯಾಂಡೇಜಿನ ಸುರುಳಿಯೊಂದನ್ನು ನಾನು ಕೇಳುವ ಮೊದಲೇ ಮುಂದಿಟ್ಟ. ವ್ಯಾಪಾರದಲ್ಲಿ ಅವನು ಗಟ್ಟಿಗ.

ನಮ್ಮೂರಿನಲ್ಲಿ ಇಂಥದ್ದಕ್ಕೆ ಯಾರ ಹತ್ತಿರ ಹೋಗುವುದಾದರೂ ನೀರನ್ನು ಒಯ್ಯುತ್ತಾರೆ, ಮನುಷ್ಯರನ್ನಲ್ಲ. ಗುರುವಾರ ಬೆಳಿಗ್ಗೆ ಬಾಟಲಿ ಹಿಡಿದು ನೀಲಗಂಗಾಳ ತವರಿಗೆ ಹೋದೆ. ಅವಳು ತಾನೇ ಬಿಂದಿಗೆಯಿಂದ ತುಂಬಿಸಿ ಕೊಟ್ಟಳು. ಮುಖ ಸೊರಗಿತ್ತು.

"ನನ್ನ ನೀರು ಒಯ್ಯಾಕತ್ತೀರಿ ಅಕ್ಕಾರ. ನನ್ನ ಒಂದು ಮಾತು ಕೇಳವಲ್ರಿ" ಅಂದಳು.

"ಏನ್ ಕೇಳ್ಬೇಕು ಹೇಳವ್ವ?"

"ಅದೂ ನಾನ ಹೇಳ್ಬೇಕೇನ್ರಿ?" ಎಂದು ಬಿಂದಿಗೆಗೆ ಮುಚ್ಚಳ ಹಾಕಿದಳು. ನಾನು ಮೆಟ್ಟಿಲು ಇಳಿಯುವಾಗ ಹಿಂದಿನಿಂದ, "ಅವ್ರು ಹೆಂಗದಾರ?" ಅಂದಳು.

"ಭಾಳ ಆರಾಮ ಅದಾನ. ಇಷ್ಟು ಆರಾಮ ಎಂದೂ ಇದ್ದಿಲ್ಲ" ಅಂದೆ. ಖುಷಿಯಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಗಂಡ ತಾನಿಲ್ಲದೆಯೇ ಸುಖವಾಗಿದ್ದಾನೆಂದು ಹೊಟ್ಟೆ ಉರಿದಿರಬೇಕು ಅಂದುಕೊಂಡು, ಅಂಥ ಸಣ್ಣತನ ಅವಳಿಗೆ ಬೇಡವಾಗಿತ್ತು ಎಂದು ದಾರಿಯುದ್ದಕ್ಕೂ ಬೇಸರ ಮಾಡಿಕೊಂಡೆ.

ಡಾಕ್ಟರು ಹೆಂಗಸು, ಹೆಸರು ಫಿಲೋಮಿನಾ. ನೀರು ಬರೀ ನೀರಾಗಿರುವ ಯಾವುದೋ ಊರಿನಿಂದ ಬಂದವರು. ಅವರ ಕಿಟಕಿಯ ಕಟ್ಟೆಯ ಮೇಲೆ ನಾನು ಒಯ್ದಂಥವೇ ಬಾಟಲಿಗಳು ಸಾಲಾಗಿ ನಿಂತಿದ್ದವು. ನನ್ನದನ್ನೂ ಮೇಜಿನ ಮೇಲಿಟ್ಟು, "ಇದು ಆಕಿ ನೀರ್ರಿ. ರುಚಿ ನೋಡ್ರಿ" ಅಂದೆ.

ಅವರು ಮುಚ್ಚಳ ತೆಗೆಯಲಿಲ್ಲ. "ಬಂದ ಹೊಸತರಲ್ಲಿ ನೋಡುತ್ತಿದ್ದೆ. ಬಾಯಿ ಒಗರಾಗುವುದು ಬಿಟ್ಟರೆ ಏನೂ ತಿಳಿಯುತ್ತಿರಲಿಲ್ಲ. ಈ ನೀರಿನವರು ಎಲ್ಲಿ?"

"ಆಕಿ ತವರಮನ್ಯಾಗ ಅದಾಳ್ರಿ. ಮತ್ತ ನೀರು ನೋಡ್ದ ನೀವು ಏನ್ ಮಾಡ್ತೀರಿ?"

ಈ ಪ್ರಶ್ನೆಗೆ ಅವರಿಗೆ ಸಿಟ್ಟು ಬರಬಹುದಿತ್ತು. ಬರಲಿಲ್ಲ. "ಕೇಳುತ್ತೇನೆ" ಅಂದರು. "ನಿದ್ದೆ ಬರುತ್ತದಾ, ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದಾ, ಊಟ ಸೇರುತ್ತದಾ, ಮೊದಲು ಇಷ್ಟವಾಗುತ್ತಿದ್ದ ಕೆಲಸ ಈಗಲೂ ಇಷ್ಟವಾ, ಬದುಕೇ ಸಾಕು ಅನ್ನಿಸಿದೆಯಾ ಅಂತ. ಅವರು ಹೇಳುವ ತನಕ ಕಾಯುತ್ತೇನೆ. ಕೇಳಿ ಕೇಳಿ ಕಾಯಿಲೆ ಯಾವುದು ಅಂತ ಗೊತ್ತು ಮಾಡಿಕೊಳ್ಳುತ್ತೇನೆ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ, ಅದು ಹಿಡಿಯಲು ವಾರಗಟ್ಟಲೆ ಬೇಕು. ಕೆಲವರಿಗೆ ಕೂತು ಮಾತಾಡಿದರೆ ಸಾಕು. ಎಷ್ಟೋ ಜನಕ್ಕೆ ಎರಡೂ ಬೇಕು. ಮೂಳೆ ಡಾಕ್ಟರ ಹಾಗೆ ನಾನೂ ಒಬ್ಬಳು ಡಾಕ್ಟರಮ್ಮ. ಮುರಿದದ್ದು ಪಕ್ಕದ ಎಕ್ಸ್‌ರೇ ಕೋಣೆಯಲ್ಲಿ ಕಾಣುವುದಿಲ್ಲ, ಅಷ್ಟೆ."

"ಕರೆಂಟು?"

"ತೀರಾ ಬೇಕಾದವರಿಗೆ ಆ ಚಿಕಿತ್ಸೆಯೂ ಇದೆ. ಮಲಗಿಸಿ, ನೋವಾಗದ ಹಾಗೆ ಕೊಡುತ್ತಾರೆ. ನೀವು ಅಂದುಕೊಂಡ ಹಾಗಲ್ಲ." ಆಮೇಲೆ, "ಆ ಹುಡುಗಿಯನ್ನು ನಾನು ನೋಡದೆ ಏನೂ ಹೇಳುವುದಿಲ್ಲ. ಮನೆಯಲ್ಲಿ ಇನ್ನು ಯಾರಿದ್ದಾರೆ? ಅವರೆಲ್ಲ ಹೇಗಿದ್ದಾರೆ?" ಎಂದು ಕೇಳಿದರು.

ಹೇಗಿದ್ದಾರೆ ಎಂದು ನಮ್ಮೂರಿನಲ್ಲಿ ನನ್ನನ್ನು ಯಾರೂ ಹಾಗೆ ನಿಧಾನವಾಗಿ ಕೇಳಿರಲಿಲ್ಲ. ನನಗೆ ಬಾಯಿ ಬಂತು. ಅವ್ವನ ಮೊಣಕಾಲಿನಿಂದ ಶುರು ಮಾಡಿ ತಮ್ಮನ ತನಕ ಬಂದೆ. ಸಿಹಿ ಸುದ್ದಿಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ತಿಂಗಳುಗಟ್ಟಲೆ ಉಣ್ಣದೆ, ಮಾತಾಡದೆ ಕೂತಿದ್ದವನು ಈಗ ಹೇಗೆ ಗೆಲುವಾಗಿದ್ದಾನೆ, ಉಳಿದ ಕೆಲಸವನ್ನೆಲ್ಲ ಹೇಗೆ ಮುಗಿಸಿದ, ಅವ್ವನಿಗೆ ಚಾಳೀಸು ಕೊಡಿಸಿದ ಎಂದೆಲ್ಲ ಹೇಳಿದೆ. "ಈಗ ಅವನ ಮನಸ್ಸು ಎಷ್ಟು ದೊಡ್ಡದಾಗೈತಿ ಅಂದ್ರ, ತನ್ನ ಕತ್ರಿ ಸೈತ ಬಾಜೂ ಅಂಗಡಿಯವಗ ಕೊಟ್ಟಾನ್ರಿ" ಅಂದೆ.

"ಕತ್ತರಿಯಾ?"

"ಹೂನ್ರಿ. ಟೇಲರು ತನ್ನ ಕತ್ರಿ ಯಾರಿಗೂ ಮುಟ್ಟಾಕ ಕೊಡೂದಿಲ್ಲ. ಬ್ಯಾರೇದವರ ಕೈ ಬಿದ್ರ ಅದರ ಬಾಯಿ ಕೆಡ್ತೈತಿ ಅಂತಾರ. ಹೆಂಡ್ತಿ ಹಿಡಿದ್ರೂ ಬೈತಿದ್ದ. ಈಗ ತಾನ ಹೋಗಿ ಕೊಟ್ಟು, ನೀನ ಇಟ್ಕೊ ಅಂದಾನಂತ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಈಗ ಅವರು ಎಲ್ಲಿದ್ದಾರೆ?"

"ಮನ್ಯಾಗ. ಅವ್ವಗ ಮಠಕ್ಕ ಹೋಗಿ ಬಾ ಅಂತ ತಾನ ಕಳಿಸ್ಯಾನ."

"ಜೊತೆಗೆ ಯಾರೂ ಇಲ್ಲವಾ?"

ನಾನು ಇಲ್ಲ ಅನ್ನುವಷ್ಟರಲ್ಲಿ ಅವರು ಎದ್ದು ನಿಂತಿದ್ದರು. "ಈಗಲೇ ಹೋಗಿ. ಬಹಳ ದಿನ ಕುಗ್ಗಿದ್ದವರು ಒಮ್ಮೆಲೇ ಹೀಗೆ ಹಗುರಾಗಿ, ತಮ್ಮದನ್ನೆಲ್ಲ ಹಂಚತೊಡಗಿದರೆ ನನಗೆ ಭಯವಾಗುತ್ತದೆ. ನೇರವಾಗಿ ಕೇಳಿ. ಸಾಯಬೇಕು ಅಂತಿದ್ದೀಯಾ ಅಂತಲೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಂದು ನಿಮಿಷವೂ ಒಬ್ಬರನ್ನೇ ಬಿಡದೆ ಇಲ್ಲಿಗೆ ಕರೆದುಕೊಂಡು ಬನ್ನಿ. ಎಷ್ಟು ಹೊತ್ತಾದರೂ ನಾನು ಇಲ್ಲೇ ಇರುತ್ತೇನೆ."

ಓಡಿ ಬಂದು ಆಟೋ ಹತ್ತಿದೆ. ಅಷ್ಟು ಸಿಹಿಯಿತ್ತಲ್ಲ ನೀರು, ಅಷ್ಟು ಸಿಹಿ ಹೇಗಾಯಿತು ಎಂದು ಈಗ ಗೊತ್ತಾಗತೊಡಗಿತ್ತು. ಅವನೊಳಗೆ ನೋಯುವುದಕ್ಕೇನೂ ಉಳಿದಿರಲಿಲ್ಲ, ನಿರ್ಧಾರವೊಂದೇ ಉಳಿದಿತ್ತು. ನಾವು ಅದನ್ನು ಲೋಟ ಲೋಟ ಕುಡಿದು, ಬೆಲ್ಲ ಹಂಚಿದ್ದೆವು.

ಮುಂಬಾಗಿಲು ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಪಡಸಾಲೆ ಗುಡಿಸಿ, ಹಂಡೆ ಬಿಂದಿಗೆಗಳನ್ನೆಲ್ಲ ತುಂಬಿಸಿಟ್ಟಿದ್ದ. ಸ್ನಾನ ಮಾಡಿ, ಮದುವೆಯ ಅಂಗಿ ತೊಟ್ಟು ಅಡುಗೆಮನೆಯಲ್ಲಿ ಕೂತಿದ್ದ. ಅವನ ಮುಂದೆ ಏನಿತ್ತು ಎಂದು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ. ಕಸಿದುಕೊಂಡು ಹಿತ್ತಲಿನ ಗೋಡೆಯಾಚೆ ಎಸೆದೆ.

"ಅಕ್ಕಾ, ಇಷ್ಟು ಲಗೂ ಬಂದಿ?" ಅಂದ. ತಪ್ಪು ಮಾಡಿ ಸಿಕ್ಕಿಬಿದ್ದವನ ದನಿಯಲ್ಲ. ಬಸ್ಸು ತಪ್ಪಿಸಿಕೊಂಡವನ ದನಿ.

ನಾನು ಅವನ ಮುಂದೆ ಕುಸಿದು ಕೂತು, ಎರಡೂ ಕೈ ಹಿಡಿದುಕೊಂಡೆ. ಈ ಊರಿನಲ್ಲಿ ಯಾರೂ ಯಾರಿಗೂ ಕೇಳದ ಮಾತು. ಆದರೂ ಕೇಳಿದೆ. "ಅಡಿವೀ, ಸಾಯಬೇಕಂತ ಮಾಡೀಯೇನೋ?"

ಸುಳ್ಳು ಹೇಳುವ ದಣಿವೂ ಬೇಡವಾದವನಂತೆ, "ಹೂಂ" ಅಂದ.

"ಯಾಕಪಾ? ಏನ್ ಕಡಿಮಿ ಆಗಿತ್ತು ನಿನಗ?"

"ಏನೂ ಕಡಿಮಿ ಇಲ್ಲಕ್ಕಾ. ಅದ ನನಗೂ ತಿಳೀವಲ್ದು. ಮುಂಜಾನೆ ಏಳೂದು ಅಂದ್ರ ಎದಿ ಮ್ಯಾಲ ಬೀಸೂಕಲ್ಲು ಇಟ್ಟಂಗ ಆಗ್ತಿತ್ತು. ಉಪ್ಪು ನಂದ ಅಂತ ಮೊದಲಿಂದ ಗೊತ್ತಿತ್ತು. ಗಂಗಾ ಚೀಲಾ ಹಿಡಕೊಂಡು ಹೋಗೂಮುಂದ ಬಾಯಿ ಬಿಡಲಿಲ್ಲ ನಾ. ಆಕಿನ್ನ ಹಂಗ ಕಳಿಸಿದ ಮ್ಯಾಲ ಇರಬಾರದು ಅಂತ ಗಟ್ಟಿ ಮಾಡಿದೆ. ಗಟ್ಟಿ ಮಾಡಿದ ಕೂಡ್ಲೆ ಹಗುರಾತು. ನೀರೂ ಸಿಹಿ ಆತು. ನೀವೆಲ್ಲಾ ಎಷ್ಟು ಖುಷಿ ಇದ್ರಿ! ನಾ ಹೋದ ಮ್ಯಾಲೂ ಹಿಂಗ ಸಿಹಿನ ಇರ್ತೈತಿ ಅಂತ ತಿಳಕೊಂಡೆ."

ನನಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು, ಅಪ್ಪಿಕೊಳ್ಳಬೇಕು ಅನ್ನಿಸಿತು. ಎರಡೂ ಆಗಲಿಲ್ಲ. "ಏಳು" ಅಂದೆ. ಅವನು ಎದ್ದ. ಚಪ್ಪಲಿಯನ್ನು ನಾನೇ ಅವನ ಕಾಲಿಗೆ ತೊಡಿಸಿದೆ. ದಾರಿಯಲ್ಲಿ ಅವನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ನನ್ನ ಉಗುರಿನ ಗುರುತು ಬಿದ್ದಿತ್ತು. ಆಸ್ಪತ್ರೆ ಮುಟ್ಟಿದ ಮೇಲೆ ಆಟೋದವನಿಗೆ ನೀಲಗಂಗಾಳ ತವರಿನ ಗುರುತು ಹೇಳಿ ಕಳಿಸಿದೆ.

ಡಾಕ್ಟರು ಅವನನ್ನು ಒಳಗೆ ಕರೆದುಕೊಂಡು ಬಾಗಿಲು ಮುಂದೆ ಮಾಡಿದರು. ಮೊದಲು ಏನೂ ಕೇಳಿಸಲಿಲ್ಲ. ಪಾಳಿಯಲ್ಲಿದ್ದವರು ತಮ್ಮ ತಮ್ಮ ಬ್ಯಾಂಡೇಜು ನೋಡಿಕೊಳ್ಳುತ್ತ ಕೂತಿದ್ದರು. ನೀಲಗಂಗಾ ಬಂದಳು. ನಾನು ಎದ್ದು, ಅಡುಗೆಮನೆಯಲ್ಲಿ ನಡೆದದ್ದನ್ನೂ ಅವನು ಹೇಳಿದ್ದನ್ನೂ ತಡವರಿಸುತ್ತ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. "ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ ಅಂತ ಅವತ್ತು ಹೇಳಬೇಕಂದೆ. ಯಾರೂ ನನ್ನ ಕೇಳಲಿಲ್ಲ" ಅಂದಳು. ಅಷ್ಟೇ. ನನ್ನ ಪಕ್ಕದಲ್ಲಿ ಕೂಡದೆ, ಬೆಂಚಿನ ಆ ತುದಿಗೆ ಹೋಗಿ ಕೂತಳು. ಅವಳು ನನ್ನನ್ನು ಕ್ಷಮಿಸುತ್ತಾಳೆಂದು ನಾನು ಅಂದುಕೊಂಡಿರಲಿಲ್ಲ.

ಆಗ ಒಳಗಿನಿಂದ ಅಳು ಕೇಳಿಸಿತು. ಗಂಡಸು ಹಾಗೆ ಅಳುವುದನ್ನು ನಾನು ಕೇಳಿರಲಿಲ್ಲ. ಅಪ್ಪ ಸತ್ತಾಗಲೂ ಅವನು ಅತ್ತಿರಲಿಲ್ಲ. ಗೋಡೆಗೆ ಒರಗಿದ್ದ ನನ್ನ ಬೆನ್ನಿನ ತನಕ ಅದು ಬಂತು. ಪಾಳಿಯವರೆಲ್ಲ ನೆಲ ನೋಡಿದರು. ನನ್ನ ಎದುರಿನ ಮುದುಕಿಯೊಬ್ಬಳು ತಡೆಯಲಾರದೆ, ನೀಲಗಂಗಾಳ ಕೊರಳಿನ ತಾಳಿಯನ್ನೂ ಸೊರಗಿದ ಮುಖವನ್ನೂ ನೋಡಿ, ನನ್ನ ಕಡೆ ಬಾಗಿ ಪಿಸುಗುಟ್ಟಿದಳು. "ಯಾರ ಮನಿದೋ ಏನೋ, ಪಾಪ. ನಿಮ್ಮದೂ ಸೊಸಿ ಉಪ್ಪೇನವಾ?"

ಹಾಗೆ ಕೇಳಬಾರದು. ಕೇಳಿದರೂ ಹೇಳಬಾರದು. ಹುಟ್ಟಿದಾಗಿನಿಂದ ನನಗೆ ಗೊತ್ತಿದ್ದದ್ದು ಅಷ್ಟೆ.

"ಅಲ್ಲಬೇ" ಅಂದೆ. ಪಿಸುಗುಟ್ಟಲಿಲ್ಲ. ಎಕ್ಸ್‌ರೇ ಕೋಣೆಯವರಿಗೂ ಕೇಳುವ ಹಾಗೆ, ಬೆಂಚಿನ ಆ ತುದಿಗೂ ಕೇಳುವ ಹಾಗೆ ಹೇಳಿದೆ. "ಸೊಸಿದು ಏನೂ ಇಲ್ಲ. ಒಳಗ ಅಳಾಕತ್ತಾನಲ್ಲ, ಅವ ನಮ್ಮವ. ನನ್ನ ತಮ್ಮ, ಅಡಿವೆಪ್ಪ. ಅವಗ ಆರಾಮಿಲ್ಲ."

ನೀಲಗಂಗಾ ಎದ್ದು ಹೋಗಿ ಮುಚ್ಚಿದ ಬಾಗಿಲಿಗೆ ಅಂಗೈ ಊರಿ ನಿಂತಳು. ಒಳಗೆ ಅಳು ನಿಲ್ಲಲಿಲ್ಲ. ಅಳಲಿ ಎಂದುಕೊಂಡೆ. ಅಳುವುದಕ್ಕಾದರೂ ಇದ್ದಾನಲ್ಲ.